ನರ್ಮದೆ ಬರಲೆಂದು ಸಾಕಿದ ಹಾವು

ನಾನು ಹಾವು ಸಾಕಿದ್ದು ಹೆಂಡತಿಗಾಗಿ. ಹೀಗೆಂದರೆ ಜನ ನಗುತ್ತಾರೆ. ನಗಲಿ. ನಗುವವರ ಹೆಂಡಂದಿರು ಅವರವರ ಮನೆಯಲ್ಲೇ ಇರುತ್ತಾರೆ, ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಹಾಕುತ್ತಾರೆ, ಹಾಗಾಗಿ ಅವರಿಗೆ ನಗಲು ಬಿಡುವಿರುತ್ತದೆ. ನನ್ನ ಹೆಂಡತಿ ಧಾರವಾಡದಲ್ಲಿದ್ದಳು. ನಾನು ಪುಣೆಯಲ್ಲಿದ್ದೆ. ನಡುವೆ ಕೆಮ್ಮುತ್ತ ಓಡುವ ಮೀಟರ್‌ಗೇಜ್ ಗಾಡಿಯ ದಾರಿ ಇತ್ತು; ಆ ದಾರಿಗಿಂತ ಉದ್ದವಾಗಿ ನಮ್ಮ ಮಾವ ಮಾರ್ತಾಂಡಪ್ಪನವರಿದ್ದರು.

ನನ್ನ ಹೆಸರು ಅವಧೂತ. ಸಂಸಾರ ಬಿಟ್ಟು ಹೋದವರಿಗೆ ಒಪ್ಪುವ ಹೆಸರನ್ನು ತೊಟ್ಟಿಲಲ್ಲಿದ್ದ ಕೂಸಿಗೆ ಇಟ್ಟವಳು ನಮ್ಮಜ್ಜಿ. ಆಕೆ ಈಗಿಲ್ಲ, ಇದ್ದಿದ್ದರೆ ಜಗಳವಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಬಹಳ ಮೊದಲೇ ಮಾಸ್ತರರ ಬೆತ್ತ ಮುರಿದು ಶಾಲೆ ಬಿಟ್ಟು, ಪುಣೆಗೆ ಬಂದು, ರವಿವಾರ ಪೇಟೆಯಲ್ಲಿ ತಗಡಿನ ಟ್ರಂಕು ಮಾಡುವ ಅಂಗಡಿ ಸೇರಿದೆ. ದಿನವಿಡೀ ಸುತ್ತಿಗೆ ಹಿಡಿದು ತಗಡು ಬಡಿಯುವುದು ಸಿಟ್ಟಿನ ಮನುಷ್ಯನಿಗೆ ಹೇಳಿ ಮಾಡಿಸಿದ ಉದ್ಯೋಗ. ಸಂಜೆಗೆ ಸಿಟ್ಟೂ ಇಳಿದಿರುತ್ತದೆ, ಟ್ರಂಕೂ ಆಗಿರುತ್ತದೆ. ನರ್ಮದೆ ತವರಿಗೆ ಹೋದ ಮೇಲೆ ನಾನು ಮಾಡಿದ ಟ್ರಂಕುಗಳಷ್ಟು ಗಟ್ಟಿ ಟ್ರಂಕು ಇಡೀ ಪೇಟೆಯಲ್ಲೇ ಇಲ್ಲವೆಂದು ನಮ್ಮ ಮಾಲಕರು ಗಿರಾಕಿಗಳಿಗೆ ಹೇಳುತ್ತಿದ್ದರು.

ನಮ್ಮ ಕಡೆ ಪಂಚಮಿ ಬಂತೆಂದರೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯುತ್ತಾನೆ. ಅವಳು ಜೋಕಾಲಿ ಆಡಿ, ಉಂಡಿ ತಿಂದು, ಹೊಸ ಕುಪ್ಪಸ ತೊಟ್ಟು ವಾಪಸು ಬರಬೇಕು. ನರ್ಮದೆಗೆ ಅಣ್ಣ ತಮ್ಮಂದಿರಿಲ್ಲ, ತಾಯಿಯೂ ಇಲ್ಲ. ಮದುವೆಯಾಗಿ ಒಂದು ವರ್ಷ ನನ್ನೊಡನೆ ಸಂಸಾರ ಮಾಡಿದ ಮೇಲೆ ಬಂದ ಪಂಚಮಿಗೆ ಅಪ್ಪನೇ ಬಂದರು. "ಎಂಟ ದಿನಕ್ಕ ಕಳಸ್ತೀನ್ರಿ ಅಳಿಯಂದ್ರ" ಎಂದರು. ಮೀಸೆಯ ಮೇಲೆ ಕೈಯಿಟ್ಟು ಹೇಳಿದ್ದರಿಂದ ನಂಬಿದೆ.

ಎಂಟು ದಿನ ಎಳೆದು ಎಳೆದು ಗಣಪತಿ ಹಬ್ಬ ದಾಟಿತು, ಅದರ ಬೆನ್ನಿಗೆ ಪಿತೃಪಕ್ಷ ಬಂತು. ಪಕ್ಷದಲ್ಲಿ ಮಗಳನ್ನು ಕಳಿಸಬಾರದು. ದಸರೆ ಬಂತು, ಹಬ್ಬ ಮುಗಿಯಲಿ. ದೀಪಾವಳಿಗೆ ಅಳಿಯನೇ ಬರಬೇಕು; ಹೋದೆ, ಎಣ್ಣೆ ಹಚ್ಚಿಸಿಕೊಂಡು ಮಿಂದೆ, ಹೋಳಿಗೆ ತಿಂದೆ. ಬರುವಾಗ ಹೆಂಡತಿಯ ಬದಲು ಒಂದು ಡಬ್ಬಿ ಉಂಡಿ ಕೊಟ್ಟು ಗಾಡಿ ಹತ್ತಿಸಿದರು. ಆಮೇಲೆ ಧನುರ್ಮಾಸ. ಆಮೇಲೆ ಯಾರದೋ ಜವಳ. ಆಮೇಲೆ ಬಿಸಿಲು ಭಾಳ. ಆಮೇಲೆ ಮಳೆ ಭಾಳ. ಆಮೇಲೆ ಆಷಾಢ. ವರ್ಷಕ್ಕೆ ಹನ್ನೆರಡೇ ತಿಂಗಳು ಇಟ್ಟ ದೇವರು ನಮ್ಮ ಮಾವನನ್ನು ಕೇಳಿ ಇಟ್ಟಿರಲಿಲ್ಲ.

ನಾನು ಮಾತ್ರ ದಿನಾ ಸಂಜೆ ಎರಡು ತಾಟು ಇಡುತ್ತಿದ್ದೆ. ಒಂದರಲ್ಲಿ ಉಣ್ಣುತ್ತಿದ್ದೆ, ಎರಡನ್ನೂ ತೊಳೆಯುತ್ತಿದ್ದೆ.

ಕಡೆಗೆ ಮಾವನವರ ಹತ್ತಿರ ಪಂಚಾಂಗ ಮುಗಿದಿರಬೇಕು. ಹುಬ್ಬಳ್ಳಿಯಿಂದ ತಗಡಿನ ವ್ಯಾಪಾರಕ್ಕೆ ಬರುವ ಒಬ್ಬರ ಬಾಯಲ್ಲಿ ಹೊಸ ಕಾರಣ ಬಂತು. "ಪುಣೆದಾಗ ಇಲಿ ಬೀಳ್ಲಿಕತ್ತಾವಂತ. ಇಲಿ ಬಿದ್ದ ಊರಿಗೆ ಮಗಳನ್ನ ಕಳಸ್ಲಿಕ್ಕೆ ನನಗೇನ ಹುಚ್ಚ ಹಿಡದದ? ಇಲಿ ಇಲ್ಲದ ಮನಿ ತೋರಸ್ರಿ, ನಾನ ಬಂದು ಬಿಟ್ಟ ಹೋಗ್ತೀನಿ."

ಇದು ಬರೀ ನೆವವಾಗಿರಲಿಲ್ಲ. ಜರ್ಮನರ ಯುದ್ಧ ನಡೆದಿದ್ದ ಆ ವರ್ಷಗಳಲ್ಲಿ ಪುಣೆಗೆ ಪ್ಲೇಗು ವರ್ಷಕ್ಕೊಮ್ಮೆ ಬಂದು ಹೋಗುವ ಬೀಗರ ಹಾಗೆ ಬರುತ್ತಿತ್ತು. ಅಟ್ಟದಿಂದ ಒಂದು ಇಲಿ ಸತ್ತು ಬಿತ್ತೆಂದರೆ ಮುಗಿಯಿತು, ಜನ ಮನೆಗೆ ಕೀಲಿ ಹಾಕಿ ಊರ ಹೊರಗಿನ ಗುಡಿಸಲಿಗೆ ಓಡುತ್ತಿದ್ದರು. ಆದರೆ ನಾನು ಪ್ಲೇಗಿನ ಕಡೆ ನೋಡಲಿಲ್ಲ, ಮಾವನವರ ಕರಾರಿನ ಕಡೆ ನೋಡಿದೆ. ಇಲಿ ಇಲ್ಲದ ಮನೆ. ಇಷ್ಟೇ ತಾನೆ?

ಮೊದಲು ಬೆಕ್ಕು ತಂದೆ. ಅದು ಮೂರನೆಯ ದಿನಕ್ಕೆ ಮೇಲಿನ ಮನೆಯ ಕೃಷ್ಣಾಬಾಯಿಯ ಹಾಲಿಗೆ ಸೇರಿಕೊಂಡು, ನನ್ನ ಮನೆಯ ಇಲಿ ಎದುರಿಗೆ ಬಂದರೆ ದಾರಿ ಬಿಡತೊಡಗಿತು. ಆಗ ಪಂಚಮಿ ಮುಗಿದ ಮರುದಿನ ಮಂಡಯಿಯ ಕಾಯಿಪಲ್ಲೆ ಸಂತೆಯ ಹತ್ತಿರ ಒಬ್ಬ ಗಾರುಡಿಗ ಕಂಡ. ಅವನ ಬುಟ್ಟಿಯಲ್ಲಿ ನಾಗರಹಾವುಗಳ ಜೊತೆಗೆ ಒಂದು ಕೇರೆ ಹಾವು ಇತ್ತು. ವಿಷವಿಲ್ಲ, ಇಲಿಯೇ ಅದಕ್ಕೆ ಅನ್ನ. ಹೆಡೆ ಎತ್ತುವುದಿಲ್ಲವಾದ್ದರಿಂದ ಯಾರೂ ಕೈ ಮುಗಿಯುವುದಿಲ್ಲ, ಸಾಕಿ ಪ್ರಯೋಜನವಿಲ್ಲ ಎಂದು ಗಾರುಡಿಗ ಬೈಯುತ್ತಿದ್ದ. ಹೆಡೆ ಇಲ್ಲದ ಹಾವಿಗೂ ಶಾಲೆ ಬಿಟ್ಟ ಮನುಷ್ಯನಿಗೂ ಪುಣೆಯಲ್ಲಿ ಒಂದೇ ಮರ್ಯಾದೆ. ತೆಗೆದುಕೊಂಡು ಬಂದೆ.

ಅದಕ್ಕಾಗಿ ಒಂದು ದೊಡ್ಡ ಟ್ರಂಕು ಮಾಡಿದೆ. ಮುಚ್ಚಳದ ನಡುವೆ ತಗಡು ಕತ್ತರಿಸಿ ತಂತಿಯ ಜಾಳಿಗೆ ಕೂಡಿಸಿದೆ. ಒಳಗೆ ಮಣ್ಣು, ಆಲದ ಎಲೆ, ಒಂದು ಬೋಗುಣಿ ನೀರು. ಕಸಬಾ ಪೇಟೆಯಲ್ಲಿ ಖೋಲಿಗೊಂದು ಸಂಸಾರವಿದ್ದ ನಮ್ಮ ವಾಡೆಯಲ್ಲಿ ಸುದ್ದಿ ಹಬ್ಬುವುದಕ್ಕೆ ಅರ್ಧ ತಾಸೂ ಹಿಡಿಯಲಿಲ್ಲ.

ಮೊದಲು ಬಂದವನು ಎದುರು ಖೋಲಿಯ ಏಕನಾಥ. ಯಾವುದೋ ಕಚೇರಿಯಲ್ಲಿ ಕಾರಕೂನ. ಊರಲ್ಲಿ ಎಲ್ಲಿ ಪುಕ್ಕಟೆ ಉಪನ್ಯಾಸವಿದ್ದರೂ ಮುಂದಿನ ಕುರ್ಚಿಯಲ್ಲಿ ಕೂತು, ಮರುದಿನ ಅದನ್ನೇ ನಮ್ಮ ನಲ್ಲಿಯ ಹತ್ತಿರ ನಿಂತು ಮಾಡುವವನು. ಅವನ ಅಜ್ಜ ವಿಜಾಪುರದವ, ಅದರಿಂದ ಕನ್ನಡದಲ್ಲೇ ಮಾಡುತ್ತಿದ್ದ.

"ಅವಧೂತ, ಟ್ರಂಕಿನಾಗ ಕೂತ ಹಾವು ಅಟ್ಟದ ಮ್ಯಾಲಿನ ಇಲಿ ಹ್ಯಾಂಗ ಹಿಡೀತದ?"

"ಹಿಡಿಯೂದ ಬ್ಯಾಡ. ವಾಸನಿ ಸಾಕು. ಪೊಲೀಸ ಚೌಕ್ಯಾಗ ಕೂತಾಂವ ಮನಿ ಮನಿಗೆ ಬಂದು ಕಳ್ಳನ್ನ ಹಿಡೀತಾನೇನು? ಚೌಕಿ ಅದ ಅಂದ್ರ ಕಳ್ಳ ಬರೂದಿಲ್ಲ."

"ನಮ್ಮ ಓಣ್ಯಾಗ ಚೌಕಿ ಪಕ್ಕದ ಮನೀನ ಹೋದ ವಾರ ಕಳು ಆತು."

"ಆ ಪೊಲೀಸಗ ವಾಸನಿ ಇದ್ದಿಲ್ಲ."

ಏಕನಾಥ ಮೂಗು ಮುಚ್ಚಿಕೊಂಡು ಹೋದ. ಆದರೆ ನಿಜ ಹೇಳುತ್ತೇನೆ, ಎರಡು ವಾರದಲ್ಲಿ ನನ್ನ ಮನೆಯ ಅಟ್ಟದಲ್ಲಿ ಸದ್ದು ನಿಂತಿತು. ವಾಸನೆಯೋ, ನನ್ನ ಮುಖವೋ, ಇಲಿಗಳು ಖೋಲಿ ಖಾಲಿ ಮಾಡಿದವು. ಹಾವಿಗೆ ಬೇಕಾದ ಇಲಿಯನ್ನು ಅಂಗಡಿಯ ಬೋನಿನಿಂದ ತರಬೇಕಾಯಿತು. ತಗಡಿನ ವ್ಯಾಪಾರಿಯ ಬಾಯಲ್ಲಿ ಧಾರವಾಡಕ್ಕೆ ಹೇಳಿಕಳಿಸಿದೆ: ಇಲಿ ಇಲ್ಲ, ಬಂದು ನೋಡಿರಿ. ಹಾವಿನ ಸುದ್ದಿ ಮಾತ್ರ ಹೇಳಲಿಲ್ಲ. ಕರಾರಿನಲ್ಲಿ ಹಾವಿನ ಮಾತೇ ಇರಲಿಲ್ಲ.

ಜವಾಬು ಬಂತು. ಬರುವ ಸೋಮವಾರ ನರ್ಮದೆಯನ್ನು ಕರೆದುಕೊಂಡೇ ಬರುತ್ತಾರೆ. ಮನೆ ಮನಸ್ಸಿಗೆ ಬಂದರೆ ಬಿಟ್ಟು ಹೋಗುತ್ತಾರೆ. ಬರದಿದ್ದರೆ ಅದೇ ಗಾಡಿಗೆ ವಾಪಸು.

ಆ ದಿನ ನಾನು ಬಡಿದ ಟ್ರಂಕು ಡೊಂಕಾಯಿತು. ಮಾಲಕರು "ಏನಾತೋ, ಆರಾಮ ಇಲ್ಲೇನು?" ಎಂದು ಹಣೆ ಮುಟ್ಟಿ ನೋಡಿದರು.

ಮನೆಗೆ ಬಂದು ಗೋಡೆಗೆ ಸುಣ್ಣ ಬಳಿದೆ. ಕನ್ನಡಿ ಒರೆಸಿದೆ. ನರ್ಮದೆ ಕುಂಕುಮದ ಕರಡಿಗೆ ಇಡುತ್ತಿದ್ದ ಗೂಡಿನಲ್ಲಿ ನಾನು ಬೀಡಿಕಟ್ಟು ಇಟ್ಟುಕೊಂಡಿದ್ದೆ, ತೆಗೆದೆ. ಕಡೆಗೆ ಹಾವಿನ ಟ್ರಂಕು ತೆರೆದೆ. ನೋಡಿದರೆ ಮಣ್ಣಿನ ಮೇಲೆ ಬಿಳಿ ಬಿಳಿ ಚುಕ್ಕೆ. ರವೆ ಚೆಲ್ಲಿದ ಹಾಗೆ. ಬೆರಳು ಇಟ್ಟೆ. ರವೆ ಟಣ್ಣನೆ ಜಿಗಿಯಿತು.

ನಾನೂ ಜಿಗಿದೆ.

ಸಾಸಿವೆಯ ಕಾಲು ಭಾಗವೂ ಇಲ್ಲದ ಹುಳಗಳು. ಎಲೆ ಎತ್ತಿದರೆ ನೂರಾರು. ಬೋಗುಣಿಯ ನೀರಿನ ಮೇಲೆ ತೇಲುತ್ತವೆ, ಮುಳುಗುವುದಿಲ್ಲ. ಹಾವಿನ ಬೆನ್ನ ಮೇಲೆ ಹತ್ತಿ ಇಳಿಯುತ್ತವೆ, ಹಾವು ಕಣ್ಣು ಸಹ ಹೊರಳಿಸುವುದಿಲ್ಲ. ಅಂಗೈ ಮೇಲೆ ಹಾಕಿಕೊಂಡು ಬಹಳ ಹೊತ್ತು ಕೂತೆ, ಒಂದೂ ಕಚ್ಚಲಿಲ್ಲ. ಇವು ಬಡಪಾಯಿಗಳೆಂದು ನನಗೆ ಗೊತ್ತಾಯಿತು. ಆದರೆ ಇಲಿ ಇಲ್ಲದ ಮನೆ ನೋಡಲು ಬರುವ ಮಾವನಿಗೆ ಹುಳ ತುಂಬಿದ ಮನೆ ತೋರಿಸುವುದು ಹೇಗೆ?

ಮಣ್ಣನ್ನು ಬಿಸಿಲಿಗೆ ಹಾಕಬೇಕೆಂದರೆ ಶ್ರಾವಣದ ಪುಣೆಯಲ್ಲಿ ಬಿಸಿಲೆಲ್ಲಿ? ಬೇವಿನ ಸೊಪ್ಪಿನ ಹೊಗೆ ಹಾಕಿದೆ. ಇಡೀ ವಾಡೆ ಕೆಮ್ಮಿತು, ಹುಳ ಕೆಮ್ಮಲಿಲ್ಲ. ಬೂದಿ ಚೆಲ್ಲಿದೆ, ಹುಳ ಬೂದಿ ಬಳಿದುಕೊಂಡು ಬೈರಾಗಿಗಳಾಗಿ ಕುಣಿದವು. ಹಾವನ್ನು ಬುಟ್ಟಿಗೆ ಹಾಕಿ, ಹಳೆಯ ಮಣ್ಣು ಹೊರಗೆ ಚೆಲ್ಲಿ, ಹೊಸ ಮಣ್ಣು ತಂದು, ಅದನ್ನು ನರ್ಮದೆಯ ರೊಟ್ಟಿ ಹಂಚಿನ ಮೇಲೆ ಹುರಿದು ತುಂಬಿದೆ. ಎರಡು ದಿನಕ್ಕೆ ಮತ್ತೆ ರವೆ. ಹುರಿದ ಮಣ್ಣಿನಲ್ಲಿ ಹುಳ ಹುಟ್ಟುವುದಾದರೆ ಅದಕ್ಕೆ ಹಳೆಯ ಹಿಟ್ಟು ಯಾಕೆ ಬೇಕು, ಮುಗ್ಗಿದ ಅಕ್ಕಿ ಯಾಕೆ ಬೇಕು ಎಂದು ತಲೆ ಕೆಟ್ಟುಹೋಯಿತು.

ಶುಕ್ರವಾರ ಮರೆತ ಕತ್ತರಿಗೆಂದು ಮಧ್ಯಾಹ್ನ ಮನೆಗೆ ಬಂದೆ. ಬಾಗಿಲು ತೆರೆದಿತ್ತು. ಟ್ರಂಕಿನ ಸುತ್ತ ವಾಡೆಯ ಅಷ್ಟೂ ಹೆಂಗಸರು. ನಡುವೆ ಕೃಷ್ಣಾಬಾಯಿ, ಕೈಯಲ್ಲಿ ಹಾಲಿನ ತಂಬಿಗೆ. ಈಕೆ ವಾಡೆಯ ಒಡತಿ. ತವರು ಬೆಳಗಾವಿ, ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಬೈಗುಳ ಎರಡೂ. ಹಾಲು ಜಾಳಿಗೆಯೊಳಗೆ ಸುರಿಯುತ್ತಿತ್ತು. ಮೇಲೆ ಜೋಳದ ಅಳ್ಳು, ಅರಿಸಿನ, ಬೆಲ್ಲದ ಚೂರು.

"ಮಾವಶೀ! ಏನಿದು?"

"ಹಾಲು. ಕಾಣವಲ್ದೇನು?"

"ಅದು ನಾಗರಹಾವಲ್ರಿ. ಕೇರೆ ಹಾವು. ಹಾಲು ಕುಡಿಯೂದಿಲ್ಲ, ಇಲಿ ತಿಂತದ."

"ಹಾವು ಅಂದ್ರ ಹಾವು. ದೇವರ ಕುಲಾ ಕೇಳಬಾರದು ಅವಧೂತಾ, ನಾಲಿಗಿ ಝಡೂನ ಜಾಯೀಲ, ಉದರಿ ಬೀಳ್ತದ."

"ದಿನಾ ಹಾಕ್ತೀರೇನು?"

"ಶ್ರಾವಣ ಮಾಸ, ದಿನಾ ಬಿಡ್ಲಿಕ್ಕಾಗ್ತದೇನು? ನೀ ಕೆಲಸಕ್ಕ ಹೋದಮ್ಯಾಲೆ ನಾವೆಲ್ಲಾ ಬರ್ತೀವಿ."

"ನೀವು ಹಾಕಿದ ಹಾಲು ಮಣ್ಣಾಗ ಕೊಳತು ಬೂಸರ ಹಿಡದದ! ಬೂಸರಕ್ಕ ಹುಳಾ ಆಗ್ಯಾವ! ನೋಡ್ರಿ!"

ಕೃಷ್ಣಾಬಾಯಿ ಬಗ್ಗಿ ನೋಡಿ ಎರಡೂ ಕೈ ಕೆನ್ನೆಗೆ ಬಡಿದುಕೊಂಡರು. "ಹುಳಾ ಅಂತಿಯಲ್ಲೋ ಮೂರ್ಖಾ! ಮುತ್ತು ಅವು. ನಾಗೋಬಾ ಪ್ರಸನ್ನ ಆದ್ರ ಮುತ್ತು ಉದರಸ್ತಾನ."

"ಮುತ್ತು ಜಿಗೀತಾವೇನ್ರಿ?"

"ದೇವರ ಮುತ್ತು. ಜಿಗೀತಾವ, ಕುಣೀತಾವ. ಕೇಳಾಂವ ನೀ ಯಾರು?"

ಹೆಂಗಸರೆಲ್ಲ ಸೆರಗು ಒಡ್ಡಿ ಕೈ ಮುಗಿದರು. ಒಬ್ಬಾಕೆ ನಾಲ್ಕು ಮುತ್ತು ಎತ್ತಿಕೊಂಡು ಸೆರಗಿಗೆ ಗಂಟು ಹಾಕಿಕೊಂಡು ಹೋದಳು.

ಮರುದಿನ ಕೆಲಸಕ್ಕೆ ಹೋಗುವಾಗ ಬಾಗಿಲಿಗೆ ಕೀಲಿ ಹಾಕಿದೆ, ಸಂಜೆ ಬಂದು ಮತ್ತೆ ಮಣ್ಣು ತಂದು ಹುರಿಯಲು ಕೂತೆ. ಹಂಚಿನ ಮುಂದೆ ನಾನು, ಪಕ್ಕದಲ್ಲಿ ತೆರೆದ ಟ್ರಂಕು. ಏಕನಾಥ ಬಾಗಿಲಲ್ಲಿ ಬಂದು ನಿಂತ.

"ಊಟಕ್ಕ ಮಣ್ಣ ಹುರೀಲಿಕತ್ತೀರೇನ್ರಿ? ಹೆಂಡತಿ ಬರೂದರೊಳಗ ಇಷ್ಟ ಆತೇನು ಪರಿಸ್ಥಿತಿ?"

ಸಿಟ್ಟಿನ ಭರದಲ್ಲಿ ನಡೆದದ್ದೆಲ್ಲ ಹೇಳಿಬಿಟ್ಟೆ. ಏಕನಾಥ ಟ್ರಂಕಿನ ಮೇಲೆ ಬಗ್ಗಿದ. ಒಂದು ಹುಳ ಅವನ ಕನ್ನಡಕದ ಮೇಲೆ ಜಿಗಿದು ಕೂತಿತು. ಏಕನಾಥನ ಮುಖ ನಾನು ಬಳಿದ ಗೋಡೆಗಿಂತ ಬೆಳ್ಳಗಾಯಿತು.

"ಜಿಗೀತದ."

"ಹೌದು, ಜಿಗೀತದ."

"ಹೋದ ವಾರ ಸಭಾದಾಗ ದೀಪದ ಚಿತ್ರಾ ತೋರಿಸಿದ್ರು. ಪ್ಲೇಗಿನ ಚಿಗಟಾ. ಗ್ವಾಡಿ ಮ್ಯಾಲೆ ಆನಿಯಷ್ಟು. ಆರು ಕಾಲು. ಇದಕ್ಕೂ ಆರು ಕಾಲು."

"ಇರಬಿಗೂ ಆರು ಕಾಲು."

"ಇರಬಿ ಜಿಗೀತದೇನ್ರಿ?" ಏಕನಾಥ ಹಿಂದೆ ಹಿಂದೆ ಸರಿಯುತ್ತ ಉಪನ್ಯಾಸ ಸುರು ಮಾಡಿದ. "ವಿಚಾರ ಮಾಡ್ರಿ. ಇಲಿ ಮೈಮ್ಯಾಲೆ ಚಿಗಟಾ. ಇಲಿ ಹಾವಿನ ಹೊಟ್ಟ್ಯಾಗ. ಇಲಿ ಕರಗಿ ಹೋತು. ಚಿಗಟಾ ಎಲ್ಲೆ ಹೋಗಬೇಕು? ಎಲ್ಲೆ ಹೋಗಬೇಕು, ಹೇಳ್ರಿ!"

"ಚಿಗಟಾ ಕರ್ರಗಿರ್ತಾವೋ ಮಾರಾಯಾ. ಇವು ಬೆಳ್ಳಗವ."

"ಹಾವಿನ ಹೊಟ್ಟ್ಯಾಗ ಬೆಳಕಿಲ್ಲ. ಕತ್ತಲದಾಗ ಬೆಳದದ್ದು ಬೆಳ್ಳಗ ಆಗ್ತದ."

ಎಂಥ ವಾದ ನೋಡಿ. ನಾನು ಓದದವನು. ಹೊಳೆದದ್ದು ಬಿಸಿ ಹಂಚು ಎತ್ತುವುದೊಂದೇ. ಎತ್ತಿದೆ. ಏಕನಾಥ ಓಡಿದ.

ಸೋಮವಾರ ಬಂತು. ಟ್ರಂಕಿನ ಮೇಲೆ ದಪ್ಪ ಕೌದಿ ಹೊದಿಸಿ ಗೋಡೆಗೆ ಸರಿಸಿ ಇಟ್ಟೆ. ಹೊರಗೆ ಟಾಂಗಾ ನಿಂತ ಸದ್ದಾಯಿತು. ಮೊದಲು ಮಾವನವರ ರುಮಾಲು, ಆಮೇಲೆ ಮೀಸೆ, ಆಮೇಲೆ ಮಾವನವರು. ಅವರ ಬೆನ್ನ ಹಿಂದೆ ಕೆಂಪು ಇಳಕಲ್ ಸೀರೆ.

ಹೇಗಿದ್ದಳೆಂದು ಕೇಳಬೇಡಿ. ಹೊಸ್ತಿಲ ಹತ್ತಿರ ನಿಂತು ಸುಣ್ಣದ ಗೋಡೆ ನೋಡಿದಳು, ಗೂಡು ನೋಡಿದಳು, ಒಲೆ ನೋಡಿದಳು. ಕಡೆಗೆ ಹಂಚು ನೋಡಿದಳು. ಅದರ ತುಂಬ ಕೆಂಪು ಮಣ್ಣು ಮೆತ್ತಿತ್ತು. ಆಮೇಲೆ ನನ್ನನ್ನು ನೋಡಿದಳು. ಒಂದು ವರ್ಷ ಕಾದು ಕೂತವನಿಗೆ ತನ್ನ ಮನೆಯಲ್ಲಿ ಸಿಕ್ಕ ಮೊದಲ ನೋಟ, "ನನ್ನ ಹಂಚಿಗೆ ಏನ ಮಾಡೀರಿ?" ಎನ್ನುವ ನೋಟ. ನನಗೆ ಅದೂ ಸಿಹಿಯಾಯಿತು.

ಮಾವನವರು ಅಟ್ಟದ ಕಡೆ ಕಿವಿಗೊಟ್ಟು ನಿಂತರು. ಮೂಲೆ ಮೂಲೆ ಬಗ್ಗಿ ನೋಡಿದರು. "ಇಲಿ ಇಲ್ಲ ಬಿಡ್ರಿ. ಮನಿ ಚೊಲೊ ಇಟ್ಟೀರಿ" ಎಂದು, ದಣಿದವರು, ಹೋಗಿ ಕೌದಿಯ ಮೇಲೆ ಕೂತುಬಿಟ್ಟರು.

ಕೆಳಗಿನಿಂದ ಉಸ್ ಎಂದಿತು.

"ಏನ್ರಿ ಅದು ಸಪ್ಪಳ?"

"ಗಾಳಿ ರೀ."

"ಕೆಳಗಿಂದ ಬರ್ತದಲ್ಲ?"

"ಪುಣೆ ಗಾಳಿ ಹಂಗ ರೀ, ಎಲ್ಲಿಂದ ಬೇಕಾದ್ರೂ ಬರ್ತದ."

ಮಾವನವರು ಒಪ್ಪಿದರು. "ಆತು. ನರ್ಮದಾ, ಗಂಟು ಒಳಗ ಇಡು" ಎಂದರು. ನಾನು ಗಂಟು ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಚಾಚಿದಳು. ಅಷ್ಟರಲ್ಲಿ ಬಾಗಿಲಲ್ಲಿ ಖಾಕಿ ಕೋಟು.

ಪ್ಲೇಗ್ ಇನ್ಸ್‌ಪೆಕ್ಟರ್ ಮಧುಕರರಾವ್. ಹಿಂದೆ ಔಷಧಿ ಪಿಚಕಾರಿ ಹಿಡಿದ ಇಬ್ಬರು, ಅವರ ಹಿಂದೆ ಏಕನಾಥ, ಅವನ ಹಿಂದೆ ಇಡೀ ವಾಡೆ. ಮಧುಕರರಾಯರು ಮರಾಠಿಯಲ್ಲಿ ಗುಡುಗಿದರು: "ಚಿಗಟದ ಪೆಟ್ಟಿಗೆ ಎಲ್ಲಿ?"

ಏಕನಾಥ ನಮ್ಮ ಮಾವನ ಕಡೆ ಬೆರಳು ತೋರಿಸಿದ.

"ನಾ ಪೆಟಗಿ ಅಲ್ಲ, ನಾ ಮಾರ್ತಾಂಡಪ್ಪ!" ಎಂದು ಮಾವ ಎದ್ದರು. ಕೌದಿ ಜಾರಿತು. ಮಧುಕರರಾಯರು ಮುಚ್ಚಳ ಎತ್ತಿದರು. ಹಾವು ತಲೆ ಎತ್ತಿ ಎಲ್ಲರನ್ನೂ ಒಮ್ಮೆ ನೋಡಿ, ಇಷ್ಟು ಜನ ಯಾಕೆ ಎಂಬಂತೆ ಮತ್ತೆ ಮಲಗಿತು. ಆದರೆ ಆ ಅಲುಗಾಟಕ್ಕೆ ಬಿಳಿ ಹುಳಗಳು ಸಾವಿರ ಸಾವಿರ ಎದ್ದು ಜಿಗಿದು ಮಾವನವರ ಧೋತರದ ಮೇಲೆ ಉದುರಿದವು.

"ಮುತ್ತು!" ಎಂದರು ಕೃಷ್ಣಾಬಾಯಿ.

"ಚಿಗಟಾ!" ಎಂದ ಏಕನಾಥ.

"ಹಾವ!" ಎಂದರು ಮಾವ.

"ಏನೂ ಮಾಡೂದಿಲ್ರಿ!" ಎಂದು ನಾನು ಟ್ರಂಕಿನೊಳಗೆ ಮೊಣಕೈ ತನಕ ಕೈ ಹಾಕಿ, ಹುಳ ಮುಕುರಿದ ತೋಳು ಎತ್ತಿ ತೋರಿಸಿದೆ. "ನೋಡ್ರಿ ಸಾಹೇಬ್ರ, ಒಂದರ ಕಚ್ಚೇದೇನು?"

ಮಧುಕರರಾಯರು ಎರಡು ಹೆಜ್ಜೆ ಹಿಂದೆ ಸರಿದರು. "ಕಚ್ಚುವ ಚಿಗಟ ಗೊತ್ತಾಗುತ್ತದೆ. ಕಚ್ಚದ ಚಿಗಟ ಹೆಚ್ಚು ಅಪಾಯ. ಈ ಮನೆಯಲ್ಲಿ ಈಗ ಇದ್ದವರೆಲ್ಲ ಕ್ಯಾಂಪಿಗೆ!"

"ನಾ ಧಾರವಾಡದಾಂವ! ಈಗ ಇಳದೀನಿ!"

"ಚಿಗಟ ಟಿಕೀಟು ಕೇಳಿ ಹತ್ತುವುದಿಲ್ಲ. ಕೈ ಎತ್ತಿ, ಬಗಲು ತೋರಿಸಿ."

ಪ್ಲೇಗಿನ ಗಂಟು ಬಗಲಲ್ಲಿ ಏಳುತ್ತದೆ, ಅದನ್ನು ಮುಟ್ಟಿ ನೋಡುವುದು ಅವರ ಪದ್ಧತಿ. ಹುಟ್ಟಿದಾಗಿನಿಂದ ನಕ್ಕದ್ದನ್ನು ಯಾರೂ ಕಾಣದ ನಮ್ಮ ಮಾವನವರಿಗೆ ಕಚಗುಳಿ ಎಷ್ಟೆಂಬುದು ಅಂದು ಇಡೀ ಕಸಬಾ ಪೇಟೆಗೆ ಗೊತ್ತಾಯಿತು. ಮೀಸೆ ಮುಗಿಲಿಗೇರಿಸಿ, "ಬ್ಯಾಡ್ರಿ... ಹೆಹೆ... ಮಾನಾ ಹೋಗ್ತದ... ಹೆಹೆಹೆ" ಎಂದು ಕುಣಿದರು. ನರ್ಮದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡಿದಳು. ಅವಳ ಬೆನ್ನು ಅಲುಗುತ್ತಿತ್ತು.

ಕ್ಯಾಂಪು ಬಿಬವೇವಾಡಿ ಕಡೆಯ ಹೊಲದಲ್ಲಿತ್ತು. ತಟ್ಟಿಯ ಗುಡಿಸಲುಗಳ ಎರಡು ಸಾಲು: ಒಂದು ಗಂಡಸರದು, ಇನ್ನೊಂದು ಹೆಂಗಸರದು. ನಡುವೆ ಒಂದು ಹಗ್ಗ. ಹಗ್ಗದ ಹತ್ತಿರ ನೀರಿನ ತೊಟ್ಟಿ. ಒಂದು ಗುಡಿಸಲಿಗೆ ಒಂದೇ ಮನೆಯವರನ್ನು ಹಾಕಬೇಕೆಂದು ನಿಯಮವಂತೆ. ಮನೆಯವರನ್ನೇ ಹಾಕಿದರು. ಹೆಂಡತಿ ಬರಲಿ ಎಂದು ವರ್ಷವಿಡೀ ತಪಸ್ಸು ಮಾಡಿದವನಿಗೆ ಒಂದೇ ಚಾಪೆಯ ಮೇಲೆ ಸಿಕ್ಕವರು ಮಾವ.

ಹಾಲು ಹಾಕಿದರೆಂದು ಕೃಷ್ಣಾಬಾಯಿಯನ್ನೂ, ಟ್ರಂಕಿನ ಮೇಲೆ ಬಗ್ಗಿದ್ದಾನೆಂದು ಏಕನಾಥನನ್ನೂ ತಂದಿದ್ದರು. ಏಕನಾಥ ದೂರದ ಗುಡಿಸಲಲ್ಲಿ ಉಪನ್ಯಾಸ ಮಾಡಲು ನೋಡಿದ. ಅಲ್ಲಿ ಓಡಿಹೋಗಲು ದಾರಿ ಇರಲಿಲ್ಲವಾದ್ದರಿಂದ ಕೇಳುವವರೇ ಅವನನ್ನು ಹೊಡೆದರು. ನನಗೆ ಅಷ್ಟರ ಮಟ್ಟಿಗೆ ಸಮಾಧಾನ.

ಎರಡನೆಯ ದಿನ ದೊಡ್ಡ ಡಾಕ್ಟರು ಬಂದರು. ಸೀಸೆಯಲ್ಲಿ ಹಿಡಿದಿಟ್ಟ ಹುಳವನ್ನು ಭೂತಗನ್ನಡಿಯಲ್ಲಿ ನೋಡಿ, "ಚಿಗಟ ಅಲ್ಲ. ಬೂಸರು ತಿಂದು ಬದುಕುವ ಹುಳ. ಯಾರಿಗೂ ಏನೂ ಮಾಡುವುದಿಲ್ಲ" ಎಂದರು. ಹಾಗಾದರೆ ಬಿಡಿರಿ ಎಂದೆವು. ಮಧುಕರರಾಯರು ತಲೆ ಅಲ್ಲಾಡಿಸಿದರು. "ಹುಳ ನಿರಪರಾಧಿ, ಒಪ್ಪಿದೆ. ಆದರೆ ಕ್ಯಾಂಪಿಗೆ ಬಂದವರು ಅವಧಿ ಮುಗಿಯುವ ತನಕ ಕ್ಯಾಂಪಿನಲ್ಲೇ ಇರಬೇಕು." ಹಾವಿಗೆ ಅವಧಿ ಇರಲಿಲ್ಲ. ಟ್ರಂಕಿನ ಸಮೇತ ಕ್ಯಾಂಪಿಗೆ ತಂದಿದ್ದ ಅದನ್ನು ಅಂದೇ ಹೊಲಕ್ಕೆ ಬಿಟ್ಟರು. ಹಿಂತಿರುಗಿ ಸಹ ನೋಡದೆ ಜೋಳದೊಳಗೆ ಹೋಯಿತು. ಇಡೀ ಪ್ರಕರಣದಲ್ಲಿ ಬಿಡುಗಡೆಯಾದದ್ದು ಅದೊಂದೇ.

"ಇಲ್ಲಿಂದ ಸೀದಾ ಟೇಶನ್ನಿಗೆ" ಎಂದು ಮಾವನವರು ದಿನಾ ಹೇಳುತ್ತಿದ್ದರು. "ಹಾವಿನ ಮ್ಯಾಲೆ ನನ್ನ ಕೂಡಿಸಿದ ಮನಿಗೆ ಮಗಳನ್ನ ಬಿಡ್ತೀನೇನು? ಸೀದಾ ಟೇಶನ್ನಿಗೆ."

"ನೀವ ಕೂತ್ರಿ. ನಾ ಕೂಡಿಸ್ಲಿಲ್ಲ."

"ಸೀದಾ ಟೇಶನ್ನಿಗೆ!"

ಜಗಳ ಮುಗಿದ ಮೇಲೆ ಇಬ್ಬರೂ ಗುಡಿಸಲ ಬಾಗಿಲಲ್ಲಿ ಕೂರುತ್ತಿದ್ದೆವು. ಬೇರೆ ಏನು ಕೆಲಸ? ಹಗ್ಗದ ಆಚೆ ಮುಳ್ಳು ಬೇಲಿಯ ಮೇಲೆ ಕೆಂಪು ಇಳಕಲ್ ಸೀರೆ ಒಣಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಪಕ್ಕಕ್ಕೆ ಕಣ್ಣು ಹೊರಳಿಸಿದರೆ ಮಾವನವರೂ ಅದನ್ನೇ ನೋಡುತ್ತಿದ್ದರು. ಗಾಳಿಗೆ ಸೀರೆ ಮುಳ್ಳಿಗೆ ಸಿಕ್ಕರೆ ಇಬ್ಬರೂ ಒಟ್ಟಿಗೆ ಅರ್ಧ ಎದ್ದು, ಒಬ್ಬರನ್ನೊಬ್ಬರು ನೋಡಿ, ಮತ್ತೆ ಕೂರುತ್ತಿದ್ದೆವು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅವರು "ನರ್ಮದಾ, ತಂಬಗಿ" ಎನ್ನುತ್ತಿದ್ದರು. ನಾನು ನೀರಿನ ತಂಬಿಗೆ ಕೊಡುತ್ತಿದ್ದೆ. ತೆಗೆದುಕೊಂಡು, ಕೊಟ್ಟ ಕೈ ಯಾರದೆಂದು ನೋಡಿ, ಮುಖ ತೊಳೆಯದೆ ಬಹಳ ಹೊತ್ತು ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ನೀರಿನ ತೊಟ್ಟಿಗೆ ಹೋದೆ. ಹಗ್ಗದ ಆಚೆ ಕೊಡ ಹಿಡಿದು ನರ್ಮದೆ ಬಂದಳು. ಸುತ್ತ ಯಾರೂ ಇರಲಿಲ್ಲ. ಇಂಥ ಗಳಿಗೆಗೆಂದು ನಾನು ಒಂದು ವರ್ಷದಿಂದ ಮಾತು ಕೂಡಿಟ್ಟಿದ್ದೆ. ಯಾವುದನ್ನು ಮೊದಲು ಆಡಲೆಂದು ಆರಿಸುತ್ತಿದ್ದೆ. ಅವಳೇ ಕೇಳಿದಳು.

"ಹಾವಿಗೆ ಹೊಲದಾಗ ಊಟಾ ಸಿಗ್ತದೇನ್ರಿ?"

"ಸಿಗ್ತದ. ಹೊಲದ ತುಂಬ ಇಲಿ ಅದಾವ."

"ನಮ್ಮ ಧಾರವಾಡದ ಮನ್ಯಾಗೂ ಅದಾವ. ಹಗಲಹೊತ್ತಿನಾಗ ಅಡಗಿಮನಿ ತುಂಬ ಓಡಾಡ್ತಾವ."

ನಾನು ಹಗ್ಗ ಹಿಡಿದು ಮುಂದಕ್ಕೆ ಬಗ್ಗಿದೆ. "ಏನು? ನಿಮ್ಮ ಮನ್ಯಾಗ ಇಲಿ? ಮತ್ತ ನಿಮ್ಮಪ್ಪಾ..."

"ಸಾವಕಾಶ ಮಾತಾಡ್ರಿ. ಅಪ್ಪಗ ಗೊತ್ತದ. ದಿನಾ ತಾಟಿನಾಗಿಂದ ಒಂದ ತುಣುಕು ರೊಟ್ಟಿ ಅವಕ್ಕ ಅವರ ಹಾಕ್ತಾರ."

"ಇಲಿಗೆ? ಯಾಕ?"

ನರ್ಮದೆ ನೀರು ಮೊಗೆಯುತ್ತ ನಿಂತಳು. "ನನ್ನ ಮದುವಿ ಆಗಿ ನಾ ಇಲ್ಲಿ ಬಂದ ವರ್ಷ ಸುರು ಆದ ರೂಢಿ ಅಂತ. ಮನ್ಯಾಗ ಒಂದೀಟು ಸಪ್ಪಳ ಇರ್ಲಿ ಅಂತಾರ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಬಿಡೋಣ ಎಂದು ಸುತ್ತ ನೋಡಿದೆ. ಯಾರೂ ಸಿಗಲಿಲ್ಲ. ಬಡಿಯಲು ಅಲ್ಲಿ ತಗಡೂ ಇರಲಿಲ್ಲ.

ಅವಧಿ ಮುಗಿಯಿತು. ಮೂರೂ ಜನ ಒಂದೇ ಟಾಂಗಾ ಹತ್ತಿದೆವು. ಸ್ವಾರಗೇಟ್ ನಾಕೆಯ ಹತ್ತಿರ ಟಾಂಗಾದವನು ಲಗಾಮು ಎಳೆದು, ಎಲ್ಲಿಗೆ ಎಂದು ಕೇಳಿದ. ಇಲ್ಲಿಂದ ಒಂದು ದಾರಿ ಊರೊಳಗೆ, ಒಂದು ಟೇಶನ್ನಿಗೆ.

"ಟೇಶನ್" ಎಂದರು ಮಾವ.

"ಕಸಬಾ ಪೇಟೆ" ಎಂದೆ ನಾನು.

"ಟೇಶನ್!"

"ಕಸಬಾ!"

ಕುದುರೆ ಇಬ್ಬರ ಮಾತೂ ಕೇಳಿ ಲದ್ದಿ ಹಾಕಿತು. ಮೂರು ಗಾಡಿಗಳು ಹಿಂದೆ ನಿಂತು ಬೈಯತೊಡಗಿದವು. ಆಗ ನರ್ಮದೆ, ನನ್ನೆದುರಿಗೆ ಅಪ್ಪನೊಡನೆ, ಅಪ್ಪನೆದುರಿಗೆ ನನ್ನೊಡನೆ ಎಂದೂ ಬಾಯಿ ಬಿಡದವಳು, ಸೆರಗು ಸರಿಮಾಡಿಕೊಂಡು ಟಾಂಗಾದವನಿಗೆ ಹೇಳಿದಳು: "ಕಸಬಾ ಪೇಟೆಗೆ ಹೊಡೀರಿ. ಮೂರೂ ಮಂದಿ."

"ಮೂರೂ ಮಂದಿ ಅಂದ್ರ?" ಎಂದೆವು ನಾವಿಬ್ಬರೂ.

"ಅಪ್ಪಾ, ಇಲಿ ಇಲ್ಲದ ಮನಿ ನೋಡ್ಲಿಕ್ಕೆ ಅಂತ ಬಂದ್ರಿ. ಅರ್ಧ ತಾಸು ಕೂತು ಎದ್ದು ಬಂದ್ರ ನೋಡಿಧಂಗ ಆಗ್ತದೇನು? ಈಗ ಹಾವೂ ಇಲ್ಲ. ಇಲಿ ಬರ್ತಾವೋ ಇಲ್ಲೋ, ಯಾರರ ಕೂತು ನೋಡಬೇಕಲ್ಲ."

ಮಾವನವರು ಟೇಶನ್ನಿನ ದಾರಿ ನೋಡಿದರು. ಮಗಳನ್ನು ನೋಡಿದರು. ಮೀಸೆ ಸವರಿ, "ಹೌದವ್ವ. ಅದು ಅವಸರದ ಕೆಲಸ ಅಲ್ಲ" ಎಂದು ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಹೀಗೆ ನನ್ನ ಹೆಂಡತಿ ಮನೆಗೆ ಬಂದಳು. ನನ್ನ ಮನೆಯೆಂದರೆ ಒಂದು ಖೋಲಿ, ಹೊರಗೆ ಒಂದು ಕಟ್ಟೆ. ಖೋಲಿಯ ನಟ್ಟನಡುವೆ ಮಾವನವರ ಹಾಸಿಗೆ ಬಿತ್ತು. ಅಲ್ಲಿಂದ ಅಟ್ಟದ ನಾಲ್ಕೂ ಮೂಲೆ ಕಾಣುತ್ತವಂತೆ. ಒಲೆಯ ಕಡೆ ನರ್ಮದೆ. ನನ್ನ ಚಾಪೆ ಕಟ್ಟೆಯ ಮೇಲೆ.

ಮೊದಲ ದಿನವೇ ನರ್ಮದೆ ಮೂವರಿಗೂ ಬಡಿಸಿದಳು. ಮಾವನವರು ಕೈ ಅಡ್ಡ ಹಿಡಿದರು.

"ನಾ ಉಣ್ಣೂದಿಲ್ಲವ್ವ. ಮಗಳಿಗೆ ಕೂಸು ಹುಟ್ಟೂತನಕ ಅಪ್ಪ ಆದಾಂವ ಆಕಿ ಮನಿ ಅನ್ನಾ ಮುಟ್ಟಬಾರದು. ನಮ್ಮ ಹಿರ್ಯಾರು ಮಾಡಿಟ್ಟ ರೂಢಿ."

"ಹಂಗಾದ್ರ ಇರೂದರ ಹ್ಯಾಂಗ್ರಿ?" ಎಂದೆ, ಆಸೆ ತಡೆಯಲಾರದೆ.

"ಇರಾಕ ಮಲಗಾಕ ಏನೂ ಅಡ್ಡಿ ಇಲ್ಲ. ಊಟದ್ದಷ್ಟ ರೂಢಿ."

ಅಂದಿನಿಂದ ಹೊತ್ತಿಗೆ ಸರಿಯಾಗಿ ಓಣಿಯ ತುದಿಯ ಖಾನಾವಳಿಗೆ ಹೋಗುತ್ತಾರೆ. ಖಾನಾವಳಿ ನಮ್ಮ ಬಾಗಿಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಬಡಿಸಿದ್ದನ್ನು ನುಂಗಿ, ನಾನು ಕಟ್ಟೆಯಿಂದ ಎದ್ದು ಚಪ್ಪಲಿ ಬಿಡುವುದರೊಳಗೆ ವಾಪಸು ಬಂದಿರುತ್ತಾರೆ. ಬಂದವರೇ ಅಟ್ಟದ ಕಡೆ ಒಮ್ಮೆ ನೋಡಿ, ಹಾಸಿಗೆಯ ಮೇಲೆ ಕೂತು, ಹೊಟ್ಟೆ ಸವರಿಕೊಂಡು ಬೈಯುತ್ತಾರೆ.

"ಏನ ಬ್ಯಾಳಿ, ಏನ ಕತಿ! ಬರೇ ನೀರು. ಅಳಿಯಂದ್ರ, ನೀವು ದಿನಾ ನನ್ನ ಮಗಳ ಕೈಯಾಗಿನ ರೊಟ್ಟಿ ತಿಂತೀರಿ, ನಿಮಗೇನ ಗೊತ್ತು. ಒಂದ ಮೊಮ್ಮಗ ಬೇಗ ಬಂದ್ರ ನಾನೂ ಈ ಮನ್ಯಾಗ ನಾಕ ತುತ್ತು ಉಣ್ತಿದ್ದೆ. ಯಾಕ ತಡಾ ಮಾಡ್ತೀರೋ, ಏನೋ!"

ನಾನು ಕಟ್ಟೆಯ ಮೇಲೆ ಹಲ್ಲು ಕಡಿಯುತ್ತೇನೆ. ಒಳಗೆ ಒಲೆಯ ಹತ್ತಿರ ನರ್ಮದೆ ಬಳೆಯ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದು ಕೇಳಿಸುತ್ತದೆ. ಅವಳಿಗೂ ನನಗೂ ನಡುವೆ ಈಗ ಇರುವುದು ಒಂದು ಗೋಡೆ, ಒಬ್ಬ ಮಾವ.

ನಮ್ಮ ಅಂಗಡಿಯಲ್ಲಿ ಮತ್ತೆ ಟ್ರಂಕುಗಳು ಬಹಳ ಗಟ್ಟಿಯಾಗಿ ತಯಾರಾಗುತ್ತಿವೆ. ಬೇಕಾದವರು ಬರಬಹುದು.